ಹಗುರ ಸೌದೆಯ ವಕಾಲತ್ತು

ಮನುಷ್ಯರೊಳಗಿನ ಮೇಲುಕೀಳಿನ ಭಾವನೆ ಕಾಲಕ್ರಮದಲ್ಲಿ ಅಳಿದೀತೆಂದು ಆಶಿಸಬಹುದು; ಆದರೆ ಸೌದೆಯೊಳಗಿನ ಮೇಲುಕೀಳು ಪ್ರಳಯಪರ್ಯಂತ ಉಳಿಯತಕ್ಕದ್ದೆಂಬುದು, ಅಮೆರಿಕದ ಮಿಷಿಗನ್ ರಾಜ್ಯದ ಉತ್ತರಭಾಗದಲ್ಲಿ, ವರ್ಷದ ಅರ್ಧವನ್ನು ಒಲೆಯ ಮುಂದೆಯೇ ಕಳೆಯಬೇಕಾದ ಊರೊಂದರಲ್ಲಿ ನೆಲಸಿದ ಮೇಲೆ ನನಗೆ ನಿಸ್ಸಂದೇಹವಾಗಿ ತಿಳಿಯಿತು. ಇಲ್ಲಿ ಓಕ್ ಮರವೇ ಅಗ್ರಪೂಜೆಗೆ ಅರ್ಹ. ಅದರ ಮಗ್ಗುಲಲ್ಲೇ ಮೇಪಲ್‌ಗೆ ಮಣೆ. ಆಮೇಲೆ ಆಶ್, ಬರ್ಚ್ ಮೊದಲಾದ ಮರ್ಯಾದಸ್ಥ ಮರಗಳು. ಪಂಕ್ತಿಯ ಕಟ್ಟಕಡೆಯಲ್ಲಿ, ಬಡಿಸುವವರ ಕಣ್ಣಿಗೂ ಬೀಳದ ಮೂಲೆಯಲ್ಲಿ ಪಾಪ್ಲರ್. ನನ್ನ ಹಿತ್ತಿಲಲ್ಲಿ ಬೆಳೆದಿರುವುದು ಪಾಪ್ಲರ್ ಮಾತ್ರ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಹಿತ್ತಿಲಿನದು ಆಸ್ಪೆನ್ ಎಂಬ ಜಾತಿಯ ಪಾಪ್ಲರ್. ಇದರ ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ, ದೀಪವನ್ನೂ ಆರಿಸಲಾರದಷ್ಟು ಮಂದವಾದ ಗಾಳಿಗೂ ಮರವೆಲ್ಲ ಥರಥರನೆ ನಡುಗುತ್ತದೆ. ಅಶ್ವತ್ಥಕ್ಕೂ ಇದೇ ಚಾಪಲ್ಯವಿರುವುದರಿಂದ, ಅಶ್ವತ್ಥಕಟ್ಟೆಯನ್ನು ಸುತ್ತಿ ಬೆಳೆದ ನನ್ನಂಥವನು ಇದರ ಬುಡಕ್ಕೆ ಗರಗಸ ಹಿಡಿಯುವಾಗ ಕ್ಷಣಕಾಲ ಅನುಮಾನಿಸುವುದು ಸಹಜ. ಪಾಪ್ಲರ್ ವಿಲ್ಲೋ ಮರದ ದಾಯಾದಿ, ಅಶ್ವತ್ಥವಾದರೋ ಆಲ ಅತ್ತಿಗಳ ಮನೆತನದ್ದು, ಎರಡಕ್ಕೂ ಸೂತಕದ ನಂಟೂ ಇಲ್ಲವೆಂದು ಸಸ್ಯಶಾಸ್ತ್ರವು ಸಮಾಧಾನ ಹೇಳುತ್ತದೆ. ಅದು ಸಾಲದಿದ್ದರೆ ಮರವೇ ಸಮಾಧಾನ ಹೇಳುತ್ತದೆ: ಒಂದು ಕಾಂಡವನ್ನು ಉರುಳಿಸಿದರೆ ಬೇರಿನ ಉದ್ದಕ್ಕೂ ರಕ್ತಬೀಜಾಸುರನ ಸಂತತಿಯಂತೆ ಹತ್ತಾರು ಸಸಿಗಳು ಎದ್ದು ನಿಲ್ಲುತ್ತವೆ. ಯೂಟಾ ರಾಜ್ಯದಲ್ಲಿ ಪಾಂಡೋ ಎಂಬ ಹೆಸರಿನ ಆಸ್ಪೆನ್ ತೋಪೊಂದು ಸುಮಾರು 106 ಎಕರೆಗಳಲ್ಲಿ ಹಬ್ಬಿ, 47,000ದಷ್ಟು ಕಾಂಡಗಳನ್ನು ತಳೆದಿದ್ದರೂ ಬೇರಿನ ಲೆಕ್ಕದಲ್ಲಿ ಒಂದೇ ಮರವಂತೆ. ಅವಿಭಕ್ತ ಕುಟುಂಬದ ಮಹಿಮೆಯನ್ನು ಕುರಿತು ಉಪನ್ಯಾಸ ಮಾಡುವವರು ಇದನ್ನೊಮ್ಮೆ ಪ್ರದಕ್ಷಿಣೆ ಮಾಡಿ ಬರಬೇಕು.

ಮರ ಯಾವ ದಿಕ್ಕಿಗೆ ಬೀಳಬೇಕೋ ಆ ಮಗ್ಗುಲಲ್ಲಿ ಮೊದಲು ಓರೆಯಾಗಿ ಒಂದು ಕಚ್ಚು ತೆಗೆದು, ಎದುರು ಮಗ್ಗುಲಿಂದ ತುಸು ಮೇಲಕ್ಕೆ ಚೈನ್‌ಸಾ ನುಗ್ಗಿಸಿ, ನಡುವೆ ಕೀಲಿನ ಹಾಗೆ ತೆಳ್ಳನೆಯ ಪಟ್ಟಿಯೊಂದನ್ನು ಉಳಿಸಿದರೆ, ಮರ ಆ ಕೀಲಿನ ಮೇಲೆಯೇ ಬಾಗಿ ಗಂಭೀರವಾಗಿ ಒರಗುತ್ತದೆ. ಅದನ್ನು 16 ಅಂಗುಲದ ಕೊರಡುಗಳಾಗಿ ಕೊಯ್ದು ನಿಲ್ಲಿಸಿ, ಜನವರಿಯಲ್ಲಿ ಒಳಗಣ ನೀರೆಲ್ಲ ಹೆಪ್ಪುಗಟ್ಟಿದ ಹೊತ್ತು ನೋಡಿ ಕೊಡಲಿ ಎತ್ತಿದರೆ, ಕೊರಡು ಎರಡನೆಯ ಏಟಿಗೆ ಕಾಯುವುದಿಲ್ಲ. ಟಪ್ಪನೆ ಸೀಳಿ, ಕೆನೆಬಣ್ಣದ ಎರಡು ಹೋಳುಗಳು ಇಬ್ಬದಿಗೆ ಬೀಳುತ್ತವೆ, ಮೂಗಿಗೆ ಸಣ್ಣಗೆ ಹುಳಿವಾಸನೆ ಬಡಿಯುತ್ತದೆ. ಗಂಟುಗಂಟಾದ ಓಕ್ ಕೊರಡಾದರೋ ಕೊಡಲಿಯ ಬಾಯನ್ನು ಕಚ್ಚಿ ಹಿಡಿದು, ಬೆಣೆ, ಸುತ್ತಿಗೆ, ನೆರೆಯವರ ಸಲಹೆ ಈ ಮೂರನ್ನೂ ತರಿಸಿಕೊಂಡ ಮೇಲಲ್ಲದೆ ಬಿಡುವುದಿಲ್ಲ. ಹಸಿ ಪಾಪ್ಲರಿನ ತೂಕದಲ್ಲಿ ಅರ್ಧದಷ್ಟು ನೀರೇ ಆದುದರಿಂದ ನೆಲದ ಮೇಲೆ ಬಿಟ್ಟರೆ ಬೇಗನೆ ಕುಂಬಾಗುವುದು ನಿಜ. ಆದರೆ ಅಡಿಗೆ ಗಳು ಹಾಸಿ, ನೆತ್ತಿಗೆ ಮಾತ್ರ ಹೊದಿಕೆ ಹಾಕಿ, ಮಗ್ಗುಲುಗಳನ್ನು ಗಾಳಿಗೆ ಬಿಟ್ಟು ಒಟ್ಟಿದರೆ ಮುಂದಿನ ಚಳಿಗಾಲದೊಳಗೆ ಒಣಗಿ ಹಗುರಾಗುತ್ತದೆ.

ಈ ಹಗುರತನವೇ ಅದರ ಅಪರಾಧ. ಓಕ್ ಪಂಥದ ಕಟ್ಟಾ ಅನುಯಾಯಿಗಳಾದ ನನ್ನ ನೆರೆಯ ವೃದ್ಧರು, ನಾನು ಪಾಪ್ಲರ್ ಒಟ್ಟುವುದನ್ನು ಬೇಲಿಯಾಚೆಯಿಂದ ನೋಡಿ, ಮಡಿವಂತರು ಮೈಲಿಗೆಯನ್ನು ಕಂಡಂತೆ ಮುಖ ಸಿಂಡರಿಸುವರು. ಲಿಯೊನಾರ್ಡೊ ಡ ವಿಂಚಿ ಮೋನಾಲಿಸಾಳನ್ನು ಚಿತ್ರಿಸಿದ್ದು ಪಾಪ್ಲರ್ ಹಲಗೆಯ ಮೇಲೆಯೇ ಎಂದು ನಾನೊಮ್ಮೆ ಪಾಂಡಿತ್ಯ ಪ್ರದರ್ಶಿಸಿದೆ. “ಬುದ್ಧಿವಂತ! ಅದನ್ನು ಒಲೆಗೆ ಹಾಕಿ ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಿತ್ತು” ಎಂದರು. ಹೊಳೆಯ ಬೀವರುಗಳು ಬೇರೆ ಮರಗಳನ್ನು ಬಿಟ್ಟು ಇದನ್ನೇ ಹುಡುಕಿ ಕಡಿಯುವುವೆಂಬ ಸಾಕ್ಷ್ಯವನ್ನು, ಅವುಗಳಿಗೆ ಒಲೆಯಿಲ್ಲವೆಂಬ ಕಾರಣದಿಂದ ತಳ್ಳಿಹಾಕಿದರು.

ಆದರೆ ಈ ವ್ಯಾಜ್ಯದ ಮೂಲ ಮರದಲ್ಲಿಲ್ಲ, ಅಳತೆಯಲ್ಲಿದೆ. ಇಲ್ಲಿ ಸೌದೆಯನ್ನು ಮಾರುವುದು ಕಾರ್ಡ್ ಲೆಕ್ಕದಲ್ಲಿ: 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದಕ್ಕೆ ಒಟ್ಟಿದ 128 ಘನ ಅಡಿಯ ರಾಶಿ. ಈ ಲೆಕ್ಕದಲ್ಲಿ ಓಕ್ ಕೊಡುವ ಶಾಖದ ಮೂರನೆಯ ಎರಡು ಪಾಲಿನಷ್ಟನ್ನೇ ಪಾಪ್ಲರ್ ಕೊಡುವುದು ದಿಟ. ತೂಕಕ್ಕೆ ತೂಕವಿಟ್ಟು ನೋಡಿದರೆ, ಚೆನ್ನಾಗಿ ಒಣಗಿದ ಯಾವ ಮರವೇ ಆಗಲಿ, ಕೊಡುವ ಶಾಖ ಹೆಚ್ಚುಕಡಿಮೆ ಒಂದೇ. ನಾನು ಹುಡುಗನಾಗಿದ್ದಾಗ ಶಿವಮೊಗ್ಗೆಯ ಸೌದೆ ಡಿಪೋದಲ್ಲಿ ದೊಡ್ಡ ತಕ್ಕಡಿಯನ್ನು ನೇತುಹಾಕಿ ಮಣದ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಪಾಪ್ಲರ್ ಅಲ್ಲಿ ಹುಟ್ಟಿದ್ದರೆ ಅದರ ಮಾನಕ್ಕೆ ಯಾವ ಕುಂದೂ ತಗಲುತ್ತಿರಲಿಲ್ಲ. ಡಿಪೋದ ಯಜಮಾನರು ಅದನ್ನು ಹಸಿಯಾಗಿಯೇ ತೂಗಿ, ಅರ್ಧ ನೀರಿಗೆ ಪೂರ್ತಿ ಹಣ ಎಣಿಸಿಕೊಂಡು, ಕಲ್ಪವೃಕ್ಷವೆಂದು ಅದಕ್ಕೆ ಕೈಮುಗಿಯುತ್ತಿದ್ದರೆಂಬುದು ಬೇರೆ ಮಾತು.

ಯಾರ ದುರ್ಬೋಧನೆಯಿಂದಲೋ ಚಳಿಗಾಲದಲ್ಲಿಯೇ ಇಲ್ಲಿಗೆ ಬಂದ ನನ್ನ ಅಮ್ಮನ ಮುಂದೆ ಈ ವಾದಸರಣಿಯನ್ನೆಲ್ಲ ಮಂಡಿಸಿದೆ. ಅಡಿಕೆಸಿಪ್ಪೆ, ತೆಂಗಿನ ಗರಿ, ಮುರಿದ ಮಣೆ, ಹಳೆಯ ಪಂಚಾಂಗ ಇವುಗಳಲ್ಲಿ ಭೇದವೆಣಿಸದೆ ಬಚ್ಚಲೊಲೆಗೆ ಒಡ್ಡಿ ಹಂಡೆಗಟ್ಟಲೆ ನೀರು ಕಾಯಿಸಿದ ಆಕೆ, “ಉರಿಯುತ್ತೆ ತಾನೇ? ಮತ್ತೆ ಅದರ ಜಾತಕ ಯಾಕೋ ನೋಡ್ತೀಯಾ?” ಎಂದಳು.

ಉರಿಯುವುದೇನೋ ಉರಿಯುತ್ತದೆ, ಅದೂ ಕಡ್ಡಿ ಗೀರುವುದೇ ತಡ. ಓಕ್ ಆದರೋ ಮಹಾರಾಜರಂತೆ ಒಲೆಯಲ್ಲಿ ಮಲಗಿ, ಮತ್ತಾರಾದರೂ ಉರಿದು ಎಬ್ಬಿಸಲೆಂದು ಕಾಯುತ್ತದೆ. ಆ ಕಾರಣದಿಂದ ನನ್ನ ನೆರೆಯವರು ಅಕ್ಟೋಬರ್ ಬಂತೆಂದರೆ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದು, ಹವೆಯ ವಿಚಾರ, ಮೊಮ್ಮಕ್ಕಳ ವಿಚಾರ ಎಲ್ಲ ಮುಗಿದ ಮೇಲೆ, ಒಲೆ ಹೊತ್ತಿಸಲು ನಾಲ್ಕು ಸೀಳು ಪಾಪ್ಲರ್ ದೊರಕೀತೇ ಎಂದು ಬೇರೆಡೆ ನೋಡುತ್ತ ಕೇಳುವರು. ನಾನು ಧಾರಾಳವಾಗಿ ಕೊಡುವೆನು. ಆದರೆ ಅಳೆದು ಕೊಡುವುದಿಲ್ಲ, ಅವರ ಎದುರಿಗೇ ತೂಗಿ ಕೊಡುತ್ತೇನೆ.