ಹಿಂಬರಹ ಬರೆದವನ ಹಣೆಬರಹ

ಕೆಲಸದಲ್ಲಿದ್ದಾಗ ಕಚೇರಿಯಲ್ಲಿ ನನಗೊಂದು ಹೆಸರಿತ್ತು. ನನ್ನ ಟೇಬಲ್ಲಿಗೆ ಬಂದ ಅರ್ಜಿ ಮೊದಲ ಸಲಕ್ಕೇ ಮುಂದೆ ಹೋದದ್ದನ್ನು ಕಂಡವರಿಲ್ಲ. ಸಹಿ ಇದ್ದರೆ ತಾರೀಖು ಇರುತ್ತಿರಲಿಲ್ಲ, ತಾರೀಖು ಇದ್ದರೆ ಸ್ಥಳ ಇರುತ್ತಿರಲಿಲ್ಲ, ಮೂರೂ ಇದ್ದರೆ ಲಗತ್ತುಗಳ ಪುಟಸಂಖ್ಯೆ ತಪ್ಪಿರುತ್ತಿತ್ತು. ‘ಪರಿಶೀಲಿಸಲಾಗಿ, ಸೂಕ್ತ ದಾಖಲೆಗಳೊಂದಿಗೆ ಮರುಸಲ್ಲಿಸತಕ್ಕದ್ದು’ ಎಂದು ಹಿಂಬರಹ ಬರೆಯುವಾಗ ನನ್ನ ಕೈಬರಹ ತಾನಾಗಿ ದುಂಡಗಾಗುತ್ತಿತ್ತು. ಕಚೇರಿಯ ಮೆಟ್ಟಿಲು ಸವೆದದ್ದರಲ್ಲಿ ನನ್ನ ಪಾಲೂ ಇದೆ ಎಂದು ಬೀಳ್ಕೊಡುಗೆ ಸಮಾರಂಭದಲ್ಲಿ ಯಾರೋ ಹೇಳಿದರು. ಹೊಗಳಿಕೆಯೆಂದೇ ತಿಳಿದೆ.

ಹೀಗಿರುವ ನನ್ನ ಮನೆಯಲ್ಲೇ ನಿರುದ್ಯೋಗಿ ಯುವಜನರಿಗೆ ರಾಜ್ಯ ಸರ್ಕಾರ ಹಣ ಕೊಡುವ ಯುವನಿಧಿ ಯೋಜನೆಗೆ ಅರ್ಜಿ ಹಾಕಬೇಕಾದವಳೊಬ್ಬಳಿದ್ದಳು. ತಮ್ಮನ ಮಗಳು ಚೈತ್ರಾ, 2023ರಲ್ಲಿ ಬಿ.ಕಾಂ. ಮುಗಿಸಿ ತೀರ್ಥಹಳ್ಳಿಯ ನಮ್ಮ ಮನೆಯಲ್ಲೇ ಉಳಿದು ಕೆಲಸ ಹುಡುಕುತ್ತಿದ್ದಳು. ‘ಮೊಬೈಲಲ್ಲೇ ಹಾಕ್ತೀನಿ ದೊಡ್ಡಪ್ಪ, ಸೇವಾಸಿಂಧು ಪೋರ್ಟಲ್ ಇದೆಯಲ್ಲ’ ಅಂದಳು. ‘ಸರ್ಕಾರದ ವ್ಯವಹಾರ ನಿಂಗೆಂತ ಗೊತ್ತು? ನಾನಿದೀನಿ’ ಅಂದೆ. ಒಳಗಿನಿಂದ ನನ್ನ ಹೆಂಡತಿ, ‘ಅದೇ ಭಯ’ ಅಂದಳು.

ಮೊದಲು ನಿಯಮಗಳನ್ನು ತರಿಸಿಕೊಂಡು ಓದಿದೆ. ಓದುತ್ತ ಓದುತ್ತ ಬರೆದ ಪುಣ್ಯಾತ್ಮನ ಮೇಲೆ ಗೌರವ ಹುಟ್ಟಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಆದರೆ ಪಾಸಾದ ಮರುದಿನವೇ ಕೈಚಾಚುವಂತಿಲ್ಲ. 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಅಂದರೆ ನಿರುದ್ಯೋಗಕ್ಕೂ ಸೇವಾ ಹಿರಿತನ ಬೇಕು! ಸಿಕ್ಕರೆ ಗರಿಷ್ಠ ಎರಡು ವರ್ಷ, ಆಮೇಲೆ ಕಡ್ಡಾಯ ನಿವೃತ್ತಿ, ಪಿಂಚಣಿಯಿಲ್ಲ. ನಡುವೆ ಎಂ.ಕಾಂ. ಸೇರಿದರೆ ಅನರ್ಹ, ಕೆಲಸ ಸಿಕ್ಕರೂ ಅನರ್ಹ. ನಮ್ಮ ಕಾಲದಲ್ಲಿ ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ಎಂಬುದೊಂದಿತ್ತು. ಮೂರು ವರ್ಷಕ್ಕೊಮ್ಮೆ ನವೀಕರಿಸಿದರೆ ನಾವು ಅಧಿಕೃತ ನಿರುದ್ಯೋಗಿಗಳು. ಕಾಸಿನ ಮಾತೇ ಇರಲಿಲ್ಲ.

ನೋಂದಣಿ ಶುರುವಾದದ್ದು 2023ರ ಡಿಸೆಂಬರ್ 26ಕ್ಕೆ. ನಾನು ಅಷ್ಟರಲ್ಲಿ ಇನ್ನೂ ಜೆರಾಕ್ಸಿನಲ್ಲೇ ಇದ್ದೆ. ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮ ಜಿಲ್ಲೆಯದೇ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ ಹಣ ಬಿಡುಗಡೆಗೆ ಚಾಲನೆ ಕೊಡುವುದನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದೆವು. ಹಿಂದೆ ಜೈಲಿದ್ದ ಜಾಗ ಅದು. ಚೈತ್ರಾಳ ಗೆಳತಿಯರ ಮೊಬೈಲು ಟಿಣ್ ಟಿಣ್ ಅನ್ನತೊಡಗಿದಾಗ ಅವಳು ನನ್ನ ಕಡೆ ನೋಡಿದಳು. ನಾನು ಅಂಕಪಟ್ಟಿಗೆ ಪುಟಸಂಖ್ಯೆ ಹಾಕುತ್ತಿದ್ದೆ.

ಕೊನೆಗೊಂದು ದಿನ ಕಡತ ಸಿದ್ಧವಾಯಿತು. ಎಲ್ಲಕ್ಕೂ ಮೂರು ಮೂರು ಪ್ರತಿ, ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಹಸಿರು ಟ್ಯಾಗು, ಮೇಲೆ ಮುಖಪುಟ, ಒಳಗೆ ಲಗತ್ತುಗಳ ಪಟ್ಟಿ. ಸೇವಾ ಕೇಂದ್ರದ ಹುಡುಗ ಅದನ್ನು ಕೈಯಲ್ಲಿ ಮುಟ್ಟಲೂ ಇಲ್ಲ. ‘ಅಂಕಲ್, ಆಧಾರ್ ನಂಬರ್ ಹೇಳಿ.’

‘ಪುಟ ನಾಲ್ಕರಲ್ಲಿದೆ.’

‘ಬಾಯಲ್ಲಿ ಹೇಳಿ ಸಾಕು.’

ಹೇಳಿದೆ. ಒಟಿಪಿ ಹೋಯಿತು. ಆದರೆ ಹೋದದ್ದು ನನ್ನ ತಮ್ಮನ ಮೊಬೈಲಿಗೆ. ಮಗಳು ಚಿಕ್ಕವಳಿದ್ದಾಗ ಆಧಾರಿಗೆ ಕೊಟ್ಟದ್ದು ಅವನ ನಂಬರು. ಅವನೋ ಅಡಿಕೆ ತೋಟದಲ್ಲಿ. ಅಲ್ಲಿ ನೆಟ್‌ವರ್ಕು ಸಿಗುವುದು ಪಂಪ್‌ಶೆಡ್ಡಿನ ಮಾಡಿನ ಮೇಲೆ ಮಾತ್ರ. ಹೇಗೋ ಆಳಿನ ಮೂಲಕ ಸುದ್ದಿ ಮುಟ್ಟಿ, ಅವನು ಮಾಡು ಹತ್ತಿ, ಫೋನು ಮಾಡಿದ.

‘ನಂಬರ್ ಬಂತನಾ?’

‘ಬಂತು ಅಣ್ಣಯ್ಯ. ಆದ್ರೆ ಹೇಳೂಕಾಗದಿಲ್ಲ.’

‘ಎಂತಕ್ಕೆ?’

‘ಯಾರಿಗೂ ಹೇಳ್ಬೇಡಿ ಅಂತ ಅದ್ರಲ್ಲೇ ಬರದಿದೆಯಲ್ಲ ಮಾರಾಯ!’

ಸರ್ಕಾರದ ಲಿಖಿತ ಆದೇಶವನ್ನು ಮೀರಬೇಡ ಎಂದು ಅವನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವನು ನಾನೇ. ಈಗ ಮೀರು ಎಂದು ನಾನು ವಾದಿಸುತ್ತಿರುವಾಗಲೇ ಒಟಿಪಿಯ ಅವಧಿ ಮುಗಿಯಿತು. ಸಾಲಿನಲ್ಲಿ ಹಿಂದೆ ನಿಂತಿದ್ದವರು ಯಾರೂ ನಗಲಿಲ್ಲ. ಅದು ನಕ್ಕದ್ದಕ್ಕಿಂತ ಕಷ್ಟವಾಯಿತು.

ಇನ್ನೊಮ್ಮೆ ಹೋದಾಗ ತಮ್ಮನನ್ನೇ ಕರೆದುಕೊಂಡು ಹೋದೆ. ಒಟಿಪಿ ಗೆದ್ದೆವು, ಹೆಸರಿನಲ್ಲಿ ಸೋತೆವು. ಆಧಾರಿನಲ್ಲಿ ಚೈತ್ರಾಳ ‘ಟಿ’ ಅಕ್ಷರದ ಪಕ್ಕ ಒಂದು ‘ಎಚ್’ ಇದೆ, ವಿಶ್ವವಿದ್ಯಾಲಯ ಡಿಜಿಲಾಕರಿಗೆ ಏರಿಸಿದ ದಾಖಲೆಯಲ್ಲಿ ಇಲ್ಲ. ಇನಿಷಿಯಲ್ಲು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ತೆರೆಯ ಮೇಲೆ ಕೆಂಪಕ್ಷರ ಮೂಡಿದ್ದನ್ನು ನೋಡಿ ನನ್ನ ಬಾಯಿಂದ ‘ಭಲೇ!’ ಎಂಬ ಮಾತು ಜಾರಿತು. ಒಂದೇ ಒಂದು ‘ಎಚ್’! ನನ್ನ ಇಡೀ ಸರ್ವಿಸಿನಲ್ಲಿ ಇಷ್ಟು ಸಣ್ಣ ಕಾರಣಕ್ಕೆ ಅರ್ಜಿ ವಾಪಸು ಮಾಡುವ ಎದೆಗಾರಿಕೆ ನನಗೆ ಬಂದಿರಲಿಲ್ಲ. ಚೈತ್ರಾ ನನ್ನನ್ನು ಒಂಥರಾ ನೋಡಿದಳು.

ಆಧಾರನ್ನೇ ತಿದ್ದಿಸುವುದೆಂದು ತೀರ್ಮಾನವಾಯಿತು. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ ಎಂದು ಅಲ್ಲಿಯವರು ಎಚ್ಚರಿಸಿದರು. ಮನೆಗೆ ಬಂದು ಹೇಳಿದೆ. ‘ಎರಡನ್ನೂ ಖರ್ಚು ಮಾಡ್ಬೇಡಿ, ಒಂದು ಮದುವೆಗೆ ಇರ್ಲಿ’ ಎಂದು ನನ್ನ ಹೆಂಡತಿ ತಕ್ಷಣ ಹಂಚಿಕೆ ಮಾಡಿದಳು. ಆ ಎಚ್ಚು ಹೋಗಲು ಹಿಡಿದ ಕಾಲದಲ್ಲಿ ಏನೇನು ನಡೆಯಿತೆಂದು ಬರೆದರೆ ನಿಮಗೂ ಬೇಸರ, ನನಗೂ ರಕ್ತದೊತ್ತಡ.

ಅಂತೂ ಅರ್ಜಿ ಅನುಮೋದನೆಯಾಯಿತು. ಹಣ ಬರಲಿಲ್ಲ. ಡಿಬಿಟಿ ಕರ್ನಾಟಕ ಎಂಬ ಆ್ಯಪಿನಲ್ಲಿ ನೋಡಿದರೆ ‘ಪಾವತಿಯಾಗಿದೆ’ ಎಂದೇ ಇದೆ. ಪಾಸ್‌ಬುಕ್ಕಿನಲ್ಲಿ ಮಾತ್ರ ಹಳೆಯ ಬ್ಯಾಲೆನ್ಸು. ನಾನು ಬ್ಯಾಂಕಿಗೆ ಹೋಗಿ, ‘ಆಧಾರ್ ಲಿಂಕ್ ಆಗಿದೆಯಲ್ಲ ಸ್ವಾಮಿ, ಹಣ ಎಲ್ಲಿ?’ ಎಂದು ಧ್ವನಿ ಏರಿಸಿದೆ. ಕೌಂಟರಿನಾತ ತಾಳ್ಮೆಯಿಂದ ಹೇಳಿದ: ‘ಲಿಂಕ್ ಬೇರೆ, ಸೀಡಿಂಗ್ ಬೇರೆ ಸಾರ್.’ ಆಧಾರನ್ನು ಎಷ್ಟು ಬ್ಯಾಂಕಿಗೆ ಬೇಕಾದರೂ ಲಿಂಕ್ ಮಾಡಿರಬಹುದು. ಆದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಇಟ್ಟುಕೊಂಡಿರುವ ಪಟ್ಟಿಯಲ್ಲಿ ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಯದಾಗಿ ಯಾವುದನ್ನು ಜೋಡಿಸಿದ್ದೀರೋ ಅದು. ನೀವು ಅರ್ಜಿಯಲ್ಲಿ ಏನೇ ಹೇಳಿ, ಸರ್ಕಾರದ ಹಣ ಹುಡುಕಿಕೊಂಡು ಹೋಗುವುದು ಅಲ್ಲಿಗೇ. ಇದನ್ನು ತಿಳಿಯದೆ ಮ್ಯಾನೇಜರರ ಮೇಲೆ ಕೂಗಾಡುವವರು ನಮ್ಮಲ್ಲಿ ದಿನಕ್ಕೆಷ್ಟೋ ಮಂದಿ. ಆ ದಿನದ ಲೆಕ್ಕದಲ್ಲಿ ನಾನೂ ಸೇರಿದೆ.

ಆಧಾರಿನ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಸತ್ಯ ಹೊರಬಿತ್ತು. ಪಿಯುಸಿ ಓದುವಾಗ ಶಿವಮೊಗ್ಗದ ಹಾಸ್ಟೆಲಿನ ಪಕ್ಕದ ಬ್ಯಾಂಕೊಂದರಲ್ಲಿ ಸ್ಕಾಲರ್‌ಶಿಪ್ಪಿಗೆಂದು ತೆರೆದು, ಮರೆತು, ಬಿಟ್ಟುಬಂದ ಜೀರೋ ಬ್ಯಾಲೆನ್ಸ್ ಖಾತೆ! ಯುವನಿಧಿ ತಿಂಗಳು ತಿಂಗಳು ಅಲ್ಲಿ ಹೋಗಿ ತಣ್ಣಗೆ ಕೂತಿತ್ತು.

ನಾನೂ ಚೈತ್ರಾಳೂ ಶಿವಮೊಗ್ಗದ ಬಸ್ಸು ಹತ್ತಿದೆವು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತವೇನೋ ಹೌದು, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಮಲೆನಾಡಿನ ದಾರಿಯಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಖಾಸಗಿಯವರದೇ. ಇಬ್ಬರದೂ ಟಿಕೆಟು ನಾನೇ ತೆಗೆದೆ. ಮಂಡಗದ್ದೆ ದಾಟುವಾಗ ತುಂಗೆಯ ನಡುವಿನ ಮರಗಳಲ್ಲಿ ಕೂತ ಹಕ್ಕಿಗಳನ್ನು ತೋರಿಸಿ, ‘ನೋಡು, ಯಾವ ದಾಖಲೆಯೂ ಇಲ್ಲದೆ ಎಷ್ಟು ದೂರದಿಂದ ಬಂದಿವೆ’ ಅಂದೆ. ಅವಳು ಇಯರ್‌ಫೋನು ಸಿಕ್ಕಿಸಿಕೊಂಡಿದ್ದಳು.

ಆ ಬ್ಯಾಂಕಿನ ಕೌಂಟರಿನಲ್ಲಿದ್ದಾಕೆ ಕಂಪ್ಯೂಟರು ನೋಡಿ, ‘ಎರಡು ವರ್ಷಕ್ಕಿಂತ ಜಾಸ್ತಿ ವ್ಯವಹಾರ ಮಾಡಿಲ್ಲ, ಖಾತೆ ನಿಷ್ಕ್ರಿಯ ಆಗಿದೆ. ಹಣ ಬರುತ್ತೆ, ಆದರೆ ತೆಗೆಯೋಕೆ ಕೆವೈಸಿ ಕೊಡಬೇಕು. ಒಂದು ಅರ್ಜಿ ಬರೆದುಕೊಡಿ’ ಅಂದಳು. ಅರ್ಜಿ! ನನ್ನ ಎದೆ ಉಬ್ಬಿತು. ಚೈತ್ರಾಳನ್ನು ಪಕ್ಕಕ್ಕೆ ಸರಿಸಿ ನಾನೇ ಕೂತು, ‘ಇವರಿಗೆ, ಇವರಿಂದ, ವಿಷಯ, ಉಲ್ಲೇಖ, ಮಾನ್ಯರೇ’ ಎಲ್ಲ ಕ್ರಮವಾಗಿ ಬರೆದು, ಅವಳಿಂದ ಸಹಿ ಹಾಕಿಸಿ ಕೊಟ್ಟೆ. ಆಕೆ ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಕೆಂಪು ಪೆನ್ನು ತೆಗೆದು, ಒಂದು ಕಡೆ ದುಂಡಗೆ ಸುತ್ತು ಹಾಕಿ ವಾಪಸು ಕೊಟ್ಟಳು.

ತಾರೀಖು ಹಾಕಿರಲಿಲ್ಲ.

ಎಂಥ ಕೈ, ಎಂಥ ವೇಗ! ಆಕೆಗಿನ್ನೂ ಮೂವತ್ತು ತುಂಬಿರಲಿಕ್ಕಿಲ್ಲ. ನಾನು ಎದ್ದು ನಿಂತು ಕೈಮುಗಿದೆ. ಆಕೆ ಗಾಬರಿಯಾಗಿ ಸೆಕ್ಯುರಿಟಿಯವನ ಕಡೆ ನೋಡಿದಳು.

ಹಣ ಕೈಗೆ ಬಂತು. ಆದರೆ ಯೋಜನೆಯ ನಿಜವಾದ ಸೊಗಸು ನನಗೆ ಆಮೇಲೆ ತಿಳಿದದ್ದು. ಪ್ರತಿ ತಿಂಗಳು 25ರೊಳಗೆ ಫಲಾನುಭವಿ ಸ್ವಯಂ ಘೋಷಣೆ ಕೊಡಬೇಕಿತ್ತು: ನಾನು ಈಗಲೂ ನಿರುದ್ಯೋಗಿ, ಓದು ಮುಂದುವರಿಸಿಲ್ಲ, ರಾಜ್ಯದಲ್ಲೇ ಇದ್ದೇನೆ. ಪಿಂಚಣಿದಾರನಾದ ನಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಬರೆದುಕೊಟ್ಟರೆ ಸಾಕು. ಅವಳದು ತಿಂಗಳಿಗೊಮ್ಮೆ. ಈ ಖಾತೆಯನ್ನು ನಾನೇ ವಹಿಸಿಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ 25ರ ಸುತ್ತ ಕೆಂಪು ಶಾಯಿ, ಮೊಬೈಲಿನಲ್ಲಿ ಅಲಾರಂ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ‘ಏನಮ್ಮಾ, ಈ ತಿಂಗಳೂ ಕೆಲಸ ಇಲ್ಲ ತಾನೆ?’ ಎಂದು ನಾನು ಉತ್ಸಾಹದಿಂದ ವಿಚಾರಿಸುವುದು, ಅವಳ ಮುಖ ಬಾಡುವುದು, ಅಡುಗೆಮನೆಯಿಂದ ಸೌಟಿನ ಸದ್ದು ಜೋರಾಗುವುದು ಮಾಮೂಲಾಯಿತು. ‘ಅವಳಿಗಿಂತ ಚೆನ್ನಾಗಿ ಆ ಘೋಷಣೆ ನಿಮಗೇ ಹೊಂದ್ತದೆ ರೀ, ನಿಮ್ಮದೂ ಒಂದು ಹಾಕ್ಬಿಡಿ’ ಎಂದು ಒಮ್ಮೆ ಹೆಂಡತಿ ಅಂದಳು.

ಅದಾಗಿ ಕೆಲವು ತಿಂಗಳಿಗೆ ಚೈತ್ರಾಳಿಗೆ ಒಬ್ಬ ಆಡಿಟರ ಬಳಿ ಕೆಲಸ ಸಿಕ್ಕಿತು. ಮನೆಯಲ್ಲಿ ಪಾಯಸ. ನಾನು ಬಟ್ಟಲು ಹಿಡಿದುಕೊಂಡು, ಇನ್ನು ಘೋಷಣೆ ಕೊಡುವಂತಿಲ್ಲ, ಕೊಟ್ಟರೆ ಸುಳ್ಳು ಮಾಹಿತಿಯಾಗುತ್ತದೆ, ನಿಲ್ಲಿಸುವುದಕ್ಕೂ ಒಂದು ಪತ್ರ ಬರೆದು ಸ್ವೀಕೃತಿ ಪಡೆಯುವುದು ಒಳ್ಳೆಯದು ಎಂದು ವಿವರಿಸತೊಡಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೊನ್ನೆ ಪಕ್ಕದ ಮನೆಯಾಕೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದಿಲ್ಲವಂತೆ ಎಂದು ಕಿವಿಗೆ ಬಿತ್ತು. ಅಟ್ಟದಿಂದ ಹೊಸ ಫೈಲು ಇಳಿಸಿದೆ, ಟ್ಯಾಗು ಹುಡುಕಿದೆ, ಮುಖಪುಟ ಬರೆದೆ. ಬೇಲಿಯ ಬಳಿ ಹೋಗಿ, ‘ರೇಷನ್ ಕಾರ್ಡಿನ ಮೂರು ಜೆರಾಕ್ಸ್ ತೆಗೆಸಿಡಿ ಅಮ್ಮಾ, ಉಳಿದದ್ದು ನನಗೆ ಬಿಡಿ’ ಅಂದೆ.

‘ಅಯ್ಯೋ, ಅದು ನಿನ್ನೆನೇ ಸರಿಯಾಯ್ತು. ಚೈತ್ರಾ ಮೊಬೈಲಲ್ಲೇ ನೋಡಿ, ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ಹೇಳಿದ್ಲು. ದೊಡ್ಡಪ್ಪಂಗೆ ಮಾತ್ರ ಹೇಳ್ಬೇಡಿ, ಹೇಳಿದ್ರೆ ಅದು ಫೈಲಾಗ್ತದೆ ಅಂದ್ಲು.’