ತುಂಡು ಸ್ಟಡ್ಡಿನ ದರ್ಬಾರು

ಕೆಂಪುಕಲ್ಲು ಹೊತ್ತ ಹಳೇ ಟಾಟಾ ಲಾರಿಯೊಂದು ಕಟಪಾಡಿಯ ಹೆದ್ದಾರಿ ಬದಿಯಲ್ಲಿ ಟಪ್‌ಟಪ್ ಎನ್ನತೊಡಗಿದರೆ ಸಾಕು, ಮಟ್ಟುಗುಳ್ಳ ಬದನೆಯ ರೇಟು ಮಾತಾಡುತ್ತಿದ್ದವರೆಲ್ಲ ಮೆಕ್ಯಾನಿಕ್‌ಗಳಾಗುತ್ತಾರೆ. ಒಬ್ಬರು "ವಾಲ್ವ್" ಅಂದರೆ, ಇನ್ನೊಬ್ಬರು "ಇಂಜಿನ್ನೇ ಹೋಯ್ತು ಮಾರಾಯ್ರೇ" ಎಂದು ಚಾ ಮುಗಿಸುತ್ತಾರೆ. ಮೇಸ್ತ್ರಿ ಮಾತ್ರ ಹೆಡ್ಡಿನ ಪಕ್ಕದ ಮಸಿ ನೋಡಿ, "ಮ್ಯಾನಿಫೋಲ್ಡ್ ಸ್ಟಡ್ ತುಂಡು" ಎನ್ನುತ್ತಾರೆ.

ಹೊಗೆ ಹೊರಹಾಕುವ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ಸ್ಟಡ್ಡುಗಳಲ್ಲಿ ಹೆಚ್ಚಾಗಿ ತುಂಡಾಗುವುದು ತುದಿಯದ್ದೇ. ಬೀಡುಕಬ್ಬಿಣದ ಉದ್ದನೆಯ ಮ್ಯಾನಿಫೋಲ್ಡ್ ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ಎಳೆದಾಟವನ್ನೆಲ್ಲ ತುದಿಯವರ ತಲೆಗೆ ಕಟ್ಟುತ್ತದೆ. ಜೊತೆಗೆ ನಮ್ಮ ಕಡಲಿನ ಉಪ್ಪುಗಾಳಿ. ತುಕ್ಕಿಗೇನು ಆಮಂತ್ರಣ ಪತ್ರಿಕೆ ಬೇಕೇ?

"ಡ್ರಿಲ್ ಹೊಡೆದು ಎಕ್ಸ್‌ಟ್ರಾಕ್ಟರ್ ಹಾಕಿ" ಎಂಬ ಸಲಹೆ ಪುಕ್ಕಟೆ. ಎಕ್ಸ್‌ಟ್ರಾಕ್ಟರಿನ ಗಟ್ಟಿ ಉಕ್ಕು ಒಳಗೇ ಮುರಿದರೆ ಡ್ರಿಲ್ ಬಿಟ್ಟೂ ಕೈಮುಗಿಯುತ್ತದೆ. ಮೇಸ್ತ್ರಿ ಉಳಿದ ಮೊಂಡಿನ ಮೇಲೆ ನಟ್ ಇಟ್ಟು, ನಡುವೆ ವೆಲ್ಡಿಂಗ್ ತುಂಬುತ್ತಾರೆ. ಬಿಸಿಗೆ ತುಕ್ಕಿನ ಪಟ್ಟು ಸಡಿಲವಾಗುತ್ತದೆ. ಕೆಂಪು ಇಳಿದ ಮೇಲೆ ಸ್ಪಾನರಿನಿಂದ ಚೂರೇ ಹಿಂದೆ, ಚೂರೇ ಮುಂದೆ. ಕಿರ್ರ್! ಬಂತು.

ಮಾಲಕರು ಮೊಂಡನ್ನು ಅಂಗೈಯಲ್ಲಿಟ್ಟು ನೋಡಿ, "ಇಷ್ಟಕ್ಕೆ ಅಷ್ಟು ದುಡ್ಡಾ?" ಅನ್ನುತ್ತಾರೆ.

"ಬೇಡದಿದ್ದರೆ ವಾಪಸ್ ಹಾಕಿಕೊಡ್ತೇನೆ, ಅದು ಫ್ರೀ."