ಏಕಾದಶರೂಪಕ ಮೀಮಾಂಸೆ, ಅಥವಾ ಚಲಚ್ಚಿತ್ರಾರೋಹಣ ಶಾಸ್ತ್ರ

ಪ್ರಸ್ತಾವನೆ

ದೃಶ್ಯಕಾವ್ಯವು ನಾಟಕ, ಪ್ರಕರಣ, ಭಾಣ ಮೊದಲಾಗಿ ಹತ್ತೇ ಬಗೆಯದೆಂದು ಧನಂಜಯನು ತನ್ನ ‘ದಶರೂಪಕ’ದಲ್ಲಿ ನಿರ್ಣಯಿಸಿ, ಹನ್ನೊಂದನೆಯದು ಇನ್ನು ಹುಟ್ಟಲಾರದೆಂಬ ನೆಮ್ಮದಿಯಿಂದ ಲೇಖನಿಯನ್ನು ಕೆಳಗಿಟ್ಟು ಹತ್ತಿರ ಹತ್ತಿರ ಸಾವಿರ ವರ್ಷಗಳಾಗಿದ್ದುವು. ಅಷ್ಟರಲ್ಲಿ, ೧೯೫೫ನೆಯ ಇಸವಿ ಜುಲೈ ೧೭ರಂದು, ಅಮೆರಿಕ ದೇಶದ ಕ್ಯಾಲಿಫೋರ್ನಿಯ ಪ್ರಾಂತದ ಅನಹೈಮ್ ಎಂಬ ಊರಿನಲ್ಲಿ ವಾಲ್ಟ್ ಡಿಸ್ನಿ ಮಹಾಶಯನು ಡಿಸ್ನಿಲ್ಯಾಂಡಿನ ಬಾಗಿಲನ್ನು ತೆರೆದು ಆ ನೆಮ್ಮದಿಗೆ ಭಂಗ ತಂದನು. ಅಂದಿನಿಂದ ಚಲಚ್ಚಿತ್ರವೆಂಬುದು ಕುಳಿತು ನೋಡತಕ್ಕ ವಸ್ತುವಾಗಿ ಮಾತ್ರ ಉಳಿಯದೆ, ಏರಿ ಕುಳಿತುಕೊಳ್ಳತಕ್ಕ, ಏರಿದ ಮೇಲೆ ಕಿರುಚತಕ್ಕ, ಕಿರುಚಿದ ಮೇಲೆ ಬಟ್ಟೆ ತೋಯಿಸಿಕೊಂಡು ಇಳಿಯತಕ್ಕ ವಸ್ತುವೂ ಆಯಿತು. ಲೋಕವು ಇದನ್ನು ರೈಡ್ ಎನ್ನುತ್ತದೆ. ಶಾಸ್ತ್ರದ ಮರ್ಯಾದೆಗಾಗಿ ನಾವು ಯಾನರೂಪಕವೆನ್ನೋಣ. ಇದರ ಹಳಿ, ಚಕ್ರ, ಟಿಕೆಟ್ಟುಗಳನ್ನು ಕುರಿತು ಪಾಶ್ಚಾತ್ಯರು ಬೇಕಾದಷ್ಟು ಬರೆದಿದ್ದರೂ, ಇದರ ಆತ್ಮ ಯಾವುದು, ಅಲಂಕಾರ ಯಾವುದು, ಹಳೆಯದನ್ನು ಕೆಡವಿ ಹೊಸದನ್ನು ನಿಲ್ಲಿಸುವಾಗ ಯಾವುದನ್ನು ಉಳಿಸತಕ್ಕದ್ದು ಎಂಬ ಪ್ರಶ್ನೆಗಳನ್ನು ಆಲಂಕಾರಿಕರ ಕ್ರಮದಲ್ಲಿ ವಿಚಾರಿಸಿದವರು ಕಾಣದಿರುವುದರಿಂದ, ಆ ಭಾರವು ಪ್ರಸ್ತುತ ಲೇಖಕನ ಮೇಲೆ ಬಿದ್ದಿದೆ.

ಶಾಸ್ತ್ರಾರಂಭದಲ್ಲಿ ಅಧಿಕಾರಿಯನ್ನು ನಿರೂಪಿಸುವುದು ವಾಡಿಕೆ. ವೇದಾಂತವು ತನ್ನ ಅಧಿಕಾರಿಯಿಂದ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳನ್ನು ಅಪೇಕ್ಷಿಸುತ್ತದೆ. ಯಾನರೂಪಕವು ಅಷ್ಟೊಂದು ನಿಷ್ಠುರವಾದುದಲ್ಲ. ಸ್ಪ್ಲಾಶ್ ಮೌಂಟನ್ ಎಂಬ ಪ್ರಸಿದ್ಧ ಕೃತಿಯ ದ್ವಾರದಲ್ಲಿ ಜಿಜ್ಞಾಸುವು ನಲವತ್ತು ಅಂಗುಲ ಎತ್ತರವಿದ್ದರೆ ಸಾಕಾಗಿತ್ತು. ಗ್ರಂಥಕರ್ತನ ಅಧಿಕಾರವನ್ನು ಕುರಿತು ಯಾರಾದರೂ ಕೇಳುವುದಾದರೆ, ಆತನು ಈ ವಾಹನಗಳಲ್ಲಿ ಒಂದನ್ನೂ ಏರಿದವನಲ್ಲ. ಏರಿದವರಿಗೆ ತಲೆ ತಿರುಗುವುದರಿಂದ ತತ್ತ್ವನಿರ್ಣಯಕ್ಕೆ ಅವಶ್ಯವಾದ ಸ್ಥಿತಪ್ರಜ್ಞೆಯು ನೆಲದ ಮೇಲೆ ನಿಂತವನಿಗೇ ಲಭ್ಯವೆಂಬುದನ್ನು ವಿದ್ವಾಂಸರಿಗೆ ವಿವರಿಸಬೇಕಾಗಿಲ್ಲ.

ಪ್ರಥಮ ಪ್ರಕರಣ: ಲಕ್ಷಣನಿರೂಪಣೆ

ಸರತಿ, ಸಂಚಾರ, ಪತನ, ವಿಕ್ರಯ ಎಂಬ ನಾಲ್ಕು ಅಂಗಗಳುಳ್ಳದ್ದು ಯಾನರೂಪಕ.

ಇವುಗಳಲ್ಲಿ ಸರತಿಯೆಂಬುದು ಪೂರ್ವರಂಗಸ್ಥಾನದಲ್ಲಿದೆ. ಪೂರ್ವರಂಗದ ಗೀತನೃತ್ಯಗಳು ಅತಿಯಾದರೆ ಆಡುವವರಿಗೂ ನೋಡುವವರಿಗೂ ಆಯಾಸವುಂಟಾಗುವುದೆಂದು ಭರತಮುನಿಯು ಎಚ್ಚರಿಸಿದ್ದುಂಟು. ಆದರೆ ಆ ಎಚ್ಚರಿಕೆಯು ಸಮುದ್ರವನ್ನು ದಾಟಿ ಹೋದಂತೆ ತೋರುವುದಿಲ್ಲ. ೧೯೫೩ರ ‘ಪೀಟರ್ ಪ್ಯಾನ್’ ಚಿತ್ರವು ಒಂದೂಕಾಲು ಗಂಟೆಯಷ್ಟಿದ್ದರೆ, ಅದನ್ನಾಧರಿಸಿದ ಡಿಸ್ನಿಲ್ಯಾಂಡಿನ ಹಾರುವ ಹಡಗಿನ ಸಂಚಾರವು ಮೂರು ನಿಮಿಷಗಳ ಒಳಗೆ ಮುಗಿಯುತ್ತದೆ. ಅದಕ್ಕಾಗಿ ನಿಲ್ಲುವ ಸರತಿಯಾದರೋ ಅನೇಕ ದಿನಗಳಲ್ಲಿ ಮೂಲಚಿತ್ರದಷ್ಟೇ ದೀರ್ಘವಾಗಿರುತ್ತದೆ. ಚಿತ್ರದ ಕಾಲಾವಧಿಯನ್ನು ಹೀಗೆ ಯಾವ ನಷ್ಟವೂ ಇಲ್ಲದಂತೆ ಸರತಿಗೆ ವರ್ಗಾಯಿಸಿರುವ ರೂಪಾಂತರಕೌಶಲವನ್ನು ರಸಿಕರು ಗಮನಿಸತಕ್ಕದ್ದು.

ಪತನವೆಂಬ ಮೂರನೆಯ ಅಂಗದಲ್ಲಿ ಯಾನರೂಪಕದ ಅಪೂರ್ವತೆಯು ಸ್ಫುಟವಾಗುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯಗಳೆಂಬ ಎಂಟು ಸಾತ್ತ್ವಿಕಭಾವಗಳನ್ನು ಅಭಿನಯಿಸುವುದಕ್ಕೆ ಪೂರ್ವದಲ್ಲಿ ನಟನು ವರ್ಷಗಟ್ಟಲೆ ಅಭ್ಯಾಸ ಮಾಡಬೇಕಾಗಿತ್ತು. ಇಲ್ಲಿ ಪ್ರೇಕ್ಷಕನೇ ಯಾವ ಗುರುಸೇವೆಯೂ ಇಲ್ಲದೆ ಎಂಟನ್ನೂ ಏಕಕಾಲದಲ್ಲಿ ಸಾಧಿಸುತ್ತಾನೆ. ಆ ಕ್ಷಣದಲ್ಲಿ ಮರೆಯಲ್ಲಿಟ್ಟ ಕ್ಯಾಮೆರಾವೊಂದು ಅವನ ವೈವರ್ಣ್ಯವನ್ನು ಸೆರೆಹಿಡಿದು, ಕೆಳಗಿಳಿದೊಡನೆ ಅವನಿಗೇ ಮಾರುತ್ತದೆ. ಇದೇ ನಾಲ್ಕನೆಯ ಅಂಗವಾದ ವಿಕ್ರಯದ ಆರಂಭ. ಹೊರದಾರಿಯು ಬಹುಮಟ್ಟಿಗೆ ಒಂದು ಅಂಗಡಿಯ ನಡುವೆಯೇ ಹಾಯುವುದರಿಂದ, ನಾಟಕದ ಐದನೆಯ ಅವಸ್ಥೆಯಾದ ಫಲಾಗಮವು ಅಲ್ಲಿ ಸಂಭವಿಸುತ್ತದೆಯೆನ್ನಬೇಕು. ಫಲವು ನಾಯಕನಿಗೆ ಸಲ್ಲದೆ ಸೂತ್ರಧಾರನಿಗೆ ಸಲ್ಲುವುದೊಂದೇ ಪ್ರಾಚೀನರಿಗೂ ಇವರಿಗೂ ಇರುವ ಭೇದ.

ದ್ವಿತೀಯ ಪ್ರಕರಣ: ನಾಯಕವಿಚಾರ ಮತ್ತು ಆತ್ಮವಿಚಾರ

ಹಾಗಾದರೆ ಈ ರೂಪಕದ ನಾಯಕನಾರು? ಡಿಸ್ನಿಲ್ಯಾಂಡಿನ ಆದ್ಯರು ಇದಕ್ಕೆ ಕೊಟ್ಟ ಉತ್ತರವು ಉಪನಿಷತ್ತಿನ ಗಾಂಭೀರ್ಯವುಳ್ಳದ್ದು. ೧೯೩೭ರ ‘ಸ್ನೋವೈಟ್’ ಚಿತ್ರವನ್ನು ಅವರು ೧೯೫೫ರಲ್ಲಿ ಯಾನಕ್ಕೆ ಅಳವಡಿಸಿದಾಗ, ಕಾಡು, ಗಣಿ, ಕುಳ್ಳರು, ಮಾಟಗಾತಿ, ವಿಷದ ಸೇಬು ಎಲ್ಲವನ್ನೂ ಇಟ್ಟು ಸ್ನೋವೈಟಳನ್ನು ಮಾತ್ರ ಎಲ್ಲಿಯೂ ಇಡಲಿಲ್ಲ. ಏತಕ್ಕೆಂದರೆ, ಗಾಡಿಯಲ್ಲಿ ಕುಳಿತವರೇ ಸ್ನೋವೈಟ್ ಎಂಬುದು ಅವರ ಸಿದ್ಧಾಂತವಾಗಿತ್ತು. ಮಾಟಗಾತಿಯು ಸೇಬನ್ನು ಚಾಚುತ್ತಿದ್ದುದು ಪ್ರೇಕ್ಷಕನ ಮುಖಕ್ಕೇ. ಆದರೆ ಅಯೋವದಿಂದಲೋ ಟೆಕ್ಸಾಸಿನಿಂದಲೋ ಮಕ್ಕಳೊಡನೆ ಬಂದಿಳಿದ ಗೃಹಸ್ಥನಿಗೆ ತಾನೇ ಆ ರಾಜಕುಮಾರಿಯೆಂಬ ಅಪರೋಕ್ಷಜ್ಞಾನವು ಉದಯಿಸದೆ, ‘ಸ್ನೋವೈಟ್ ಎಲ್ಲಿ?’ ಎಂದು ಹೊರಗೆ ಬಂದು ವಿಚಾರಿಸುವುದೇ ಆಯಿತು. ೧೯೮೩ರ ನವೀಕರಣದಲ್ಲಿ ಆಕೆಯ ಪ್ರತ್ಯೇಕ ಪ್ರತಿಮೆಯನ್ನು ಪ್ರತಿಷ್ಠಾಪಿಸಲಾಯಿತು. ಹೀಗೆ ಅನಹೈಮಿನಲ್ಲಿ ೧೯೫೫ರಿಂದ ಇಪ್ಪತ್ತೆಂಟು ವರ್ಷಗಳ ಕಾಲ ಅದ್ವೈತವು ನಡೆದು, ತರುವಾಯ ಪ್ರಜಾಭಿಪ್ರಾಯದ ಬಲದಿಂದ ದ್ವೈತವು ಸ್ಥಾಪಿತವಾಯಿತೆಂಬುದು ಮತಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಇನ್ನು ಆತ್ಮವಿಚಾರ. ಕಾವ್ಯಕ್ಕೆ ರೀತಿಯು ಆತ್ಮವೆಂದು ವಾಮನನೂ, ಧ್ವನಿಯು ಆತ್ಮವೆಂದು ಆನಂದವರ್ಧನನೂ ಹೇಳಿದಂತೆ, ಯಾನರೂಪಕಕ್ಕೆ ಮೂಲನಿಷ್ಠೆಯೇ ಆತ್ಮವೆಂದು ಹೇಳುವ ಪೂರ್ವಪಕ್ಷವೊಂದುಂಟು. ಜನರು ಬರುವುದು ಚಿತ್ರದ ಮೇಲಣ ಮೋಹದಿಂದ. ಆದಕಾರಣ ಚಿತ್ರದಲ್ಲಿದ್ದುದನ್ನು ಇದ್ದಂತೆಯೇ ತೋರಿಸಿದರೆ ಕೃತಕೃತ್ಯರಾದೆವೆಂಬುದು ಆ ಪಕ್ಷದವರ ವಾದ. ಅವರಿಗೆ ‘ಜಾಸ್’ ದೃಷ್ಟಾಂತವೊಂದೇ ಸಾಕಾದ ಉತ್ತರ. ೧೯೭೫ರ ಆ ಚಿತ್ರದ ಚಿತ್ರೀಕರಣಕಾಲದಲ್ಲಿ ಯಂತ್ರದ ಶಾರ್ಕು ಪದೇ ಪದೇ ಕೆಟ್ಟು ನಿಂತು ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಕೊಟ್ಟ ಸಂಕಟವು ಲೋಕವಿದಿತ. ೧೯೯೦ರಲ್ಲಿ ಫ್ಲಾರಿಡದ ಯೂನಿವರ್ಸಲ್ ಸ್ಟುಡಿಯೋಸ್‌ನವರು ಅದನ್ನು ದೋಣಿಯಾನವಾಗಿ ರೂಪಾಂತರಿಸಿದಾಗ ಅಲ್ಲಿಯ ಶಾರ್ಕೂ ಅದೇ ನಿಷ್ಠೆಯಿಂದ ಕೆಟ್ಟು ನಿಂತು, ಯಾನವನ್ನು ಮುಚ್ಚಿ ಹೊಸದಾಗಿ ನಿರ್ಮಿಸಿ ೧೯೯೩ರಲ್ಲಿ ಮತ್ತೆ ತೆರೆಯಬೇಕಾಯಿತು. ಇದಕ್ಕಿಂತ ಪರಿಪೂರ್ಣವಾದ ಮೂಲನಿಷ್ಠೆಯನ್ನು ರೂಪಾಂತರದ ಚರಿತ್ರೆಯಲ್ಲಿ ಕಾಣಲಾರೆವು. ಆದರೂ ಜನರು ಸಂತುಷ್ಟರಾಗಲಿಲ್ಲ.

ಸಿದ್ಧಾಂತವಾದರೋ ಇದಕ್ಕೆ ತೀರ ವಿರುದ್ಧವಾದುದು: ಮೂಲಚಿತ್ರದಲ್ಲಿ ಇಲ್ಲದ್ದು ಯಾವುದೋ ಅದೇ ಯಾನರೂಪಕದ ಆತ್ಮ. ಉದಾಹರಣೆಗಳನ್ನು ಪರಾಂಬರಿಸೋಣ. ‘ಮಿಸ್ಟರ್ ಟೋಡ್’ ಎಂಬ ಕಪ್ಪೆರಾಯನ ಕಥೆಯು ಕೆನ್ನೆತ್ ಗ್ರಹಾಮನ ೧೯೦೮ರ ಪುಸ್ತಕದಲ್ಲಿಯೂ ೧೯೪೯ರ ಚಿತ್ರದಲ್ಲಿಯೂ ಸುಖಾಂತವಾಗಿದೆ. ಡಿಸ್ನಿಲ್ಯಾಂಡಿನ ೧೯೫೫ರ ಯಾನದಲ್ಲಿ ಮಾತ್ರ, ಮೋಟಾರನ್ನು ಯದ್ವಾತದ್ವಾ ಓಡಿಸಿದ ಪ್ರೇಕ್ಷಕನು ನ್ಯಾಯಾಲಯದಲ್ಲಿ ಅಪರಾಧಿಯೆನಿಸಿ, ಎದುರಿಂದ ಬಂದ ರೈಲಿಗೆ ಸಿಕ್ಕಿ, ನೇರವಾಗಿ ನರಕಕ್ಕೆ ಹೋಗುತ್ತಾನೆ. ಕೋಡುಳ್ಳ ಕಿಂಕರರು ಕುಣಿಯುವ ಆ ಬಿಸಿಯಾದ ಕೋಣೆಯನ್ನು ಯಾವ ಕವಿಯೂ ಕಲ್ಪಿಸಿರಲಿಲ್ಲ, ಯಾವ ಚಿತ್ರದಲ್ಲಿಯೂ ತೋರಿಸಿರಲಿಲ್ಲ. ಮಕ್ಕಳು ಮುದುಕರಾಗುವವರೆಗೂ ನೆನೆಯುವುದು ಅದನ್ನೇ. ೧೯೩೩ರ ‘ಕಿಂಗ್ ಕಾಂಗ್’ ಚಿತ್ರದ ಕಪಿರಾಜನು ಯೂನಿವರ್ಸಲ್‌ನವರ ಯಾನದಲ್ಲಿ ಪ್ರೇಕ್ಷಕನ ಸಮೀಪಕ್ಕೆ ಬಾಗಿ ಬಾಳೆಹಣ್ಣಿನ ವಾಸನೆಯ ಉಸಿರನ್ನು ಬಿಡುತ್ತಿದ್ದನು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಚತುರ್ವಿಧಾಭಿನಯಕ್ಕೆ ಗಂಧಾಭಿನಯವೆಂಬ ಐದನೆಯದು ಹೀಗೆ ಸೇರಿತು. ‘ಗ್ರೇಟ್ ಮೂವಿ ರೈಡ್’ ಎಂಬ ಯಾನದಲ್ಲಿ ‘ಕಾಸಾಬ್ಲಾಂಕಾ’ದ ವಿಮಾನದ ಪಕ್ಕದಲ್ಲಿ ನಿಂತಿದ್ದ ಯಂತ್ರದ ಪ್ರಣಯಿಗಳಿಗಿಂತ, ನಡುದಾರಿಯಲ್ಲಿ ಗಾಡಿಯನ್ನೇ ಅಪಹರಿಸುತ್ತಿದ್ದ ಜೀವಂತ ದರೋಡೆಕೋರನು ಹೆಚ್ಚು ಪ್ರೀತಿಪಾತ್ರನಾಗಿದ್ದನು. ೧೯೮೨ರ ‘ಇ.ಟಿ.’ ಚಿತ್ರದಲ್ಲಿ ಆ ಅನ್ಯಲೋಕದ ಜೀವಿಯು ವಿದಾಯ ಹೇಳಿದ್ದು ತನ್ನ ಗೆಳೆಯರಿಗೆ ಮಾತ್ರ. ೧೯೯೦ರಿಂದ ಫ್ಲಾರಿಡದಲ್ಲಿ ನಡೆಯುತ್ತಿರುವ ಯಾನದಲ್ಲಾದರೋ, ಪ್ರವೇಶದಲ್ಲಿ ಪ್ರೇಕ್ಷಕನು ತಿಳಿಸಿದ ಹೆಸರನ್ನೇ ಹಿಡಿದು ಕೊನೆಯಲ್ಲಿ ಬೀಳ್ಕೊಡುತ್ತದೆ. ವೆಂಕಟಲಕ್ಷ್ಮೀನರಸಿಂಹಯ್ಯನೆಂಬ ಮಹನೀಯನನ್ನು ಅದು ಹೇಗೆ ಬೀಳ್ಕೊಟ್ಟೀತೆಂಬುದನ್ನು ಶಿಕ್ಷಾಶಾಸ್ತ್ರಪಾರಂಗತರ ವಿಚಾರಕ್ಕೆ ಬಿಟ್ಟಿದೆ.

ತೃತೀಯ ಪ್ರಕರಣ: ಬೀಜವೃಕ್ಷನ್ಯಾಯ

ಚಿತ್ರವು ಮೊದಲೋ ಯಾನವು ಮೊದಲೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಸುಲಭವಾಗಿ ಕಂಡರೂ ವಿಚಾರಿಸಿದಷ್ಟೂ ಜಟಿಲವಾಗುತ್ತದೆ. ೧೯೫೧ರ ‘ಆಫ್ರಿಕನ್ ಕ್ವೀನ್’ ಚಿತ್ರದ ಸ್ಫೂರ್ತಿಯಿಂದ ೧೯೫೫ರಲ್ಲಿ ‘ಜಂಗಲ್ ಕ್ರೂಸ್’ ಎಂಬ ದೋಣಿಯಾನವು ಹುಟ್ಟಿತು. ಆ ಯಾನದಿಂದ ೨೦೨೧ರಲ್ಲಿ ಅದೇ ಹೆಸರಿನ ಚಿತ್ರವೊಂದು ಹುಟ್ಟಿತು. ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎಂಬ ಯಾನವು ೧೯೬೭ರಲ್ಲಿ, ಡಿಸ್ನಿಯು ತೀರಿಕೊಂಡ ಮೂರು ತಿಂಗಳ ಮೇಲೆ, ಯಾವ ಚಿತ್ರದ ಹಂಗೂ ಇಲ್ಲದೆ ಸ್ವತಂತ್ರವಾಗಿ ಅವತರಿಸಿದುದು. ಮೂವತ್ತಾರು ವರ್ಷಗಳು ಸಂದ ಬಳಿಕ, ೨೦೦೩ರಲ್ಲಿ, ಅದು ಚಿತ್ರವಾಯಿತು. ಚಿತ್ರದ ಜ್ಯಾಕ್ ಸ್ಪ್ಯಾರೋ ೨೦೦೬ರಲ್ಲಿ ಯಾನದೊಳಕ್ಕೆ ಬಂದು ನಿಂತನು. ಮಗನು ತಂದೆಯ ಮನೆಗೆ ಬಂದು ತಾನೇ ಯಜಮಾನನೆಂದು ಹೇಳಿಕೊಂಡ ಈ ಪ್ರಸಂಗವನ್ನು ಇಂದಿನ ಬಾಲಕರು ಅರಿಯದೆ, ಯಾನವೇ ಚಿತ್ರದ ಅನುಕರಣವೆಂದು ತಿಳಿಯುತ್ತಾರೆ. ಕಾರ್ಯಕಾರಣಗಳು ಹೀಗೆ ಪರಸ್ಪರ ಸ್ಥಾನಪಲ್ಲಟ ಮಾಡಿಕೊಳ್ಳುವಲ್ಲಿ ನೈಯಾಯಿಕರು ಮೌನವನ್ನು ತಾಳುವುದೇ ಕ್ಷೇಮ.

ಚತುರ್ಥ ಪ್ರಕರಣ: ಜೀರ್ಣೋದ್ಧಾರ

ಈ ಶಾಸ್ತ್ರದಲ್ಲಿ ಕಣ್ಣೀರಿಗೆ ಎಡೆಯಿರುವುದು ಈ ಪ್ರಕರಣದಲ್ಲಿ ಮಾತ್ರ. ಹಳೆಯ ಯಾನವನ್ನು ಮುಚ್ಚುವುದಾಗಿ ಪ್ರಕಟಣೆ ಹೊರಟ ದಿನವೇ ಅದರ ಮೇಲೆ ಲೋಕದ ಪ್ರೀತಿಯು ಉಕ್ಕುತ್ತದೆ. ಹಿಂದಿನ ದಿನದವರೆಗೆ ಅದರ ಸರತಿಯು ಖಾಲಿಯಾಗಿದ್ದರೂ ಇದಕ್ಕೆ ಬಾಧಕವಿಲ್ಲ. ಫ್ಲಾರಿಡದ ಡಿಸ್ನಿ ಉದ್ಯಾನದಲ್ಲಿಯೂ ಇದ್ದ ಕಪ್ಪೆರಾಯನ ಯಾನವನ್ನು ೧೯೯೮ರ ಸೆಪ್ಟೆಂಬರಿನಲ್ಲಿ ಮುಚ್ಚುವ ಮುನ್ನ ಭಕ್ತರು ಅಲ್ಲಿಯೇ ನೆರೆದು ಪ್ರತಿಭಟಿಸಿದರು. ಕಪ್ಪೆಯು ಹೋಗಿ, ಮಾರನೆಯ ವರ್ಷ ‘ವಿನ್ನಿ ದಿ ಪೂ’ ಎಂಬ ಕರಡಿಯು ಬಂದಿತು. ಆದರೂ ಆಗಮಜ್ಞರು ಮೆಚ್ಚುವಂತಹ ಒಂದು ಕ್ರಮವು ಅಲ್ಲಿ ನಡೆಯಿತು: ಕರಡಿಯ ಯಾನದೊಳಗೆ, ಕಪ್ಪೆರಾಯನು ಮನೆಯ ಪತ್ರವನ್ನು ಗೂಬೆಗೆ ಹಸ್ತಾಂತರಿಸುತ್ತಿರುವ ಚಿತ್ರಪಟವೊಂದನ್ನು ತೂಗುಹಾಕಿದರು, ಅದೇ ಉದ್ಯಾನದ ಭೂತದ ಬಂಗಲೆಯೆಂಬ ಯಾನದ ಪ್ರಾಣಿಸ್ಮಶಾನದಲ್ಲಿ ಅವನಿಗೊಂದು ಸಮಾಧಿಶಿಲೆಯನ್ನೂ ನೆಟ್ಟರು. ಕ್ರಯಪತ್ರವೂ ಸಮಾಧಿಯೂ ಎರಡೂ ದೊರೆತಿರುವ ಕಪ್ಪೆಯು ಪುರಾಣಗಳಲ್ಲಿಯೂ ದುರ್ಲಭ. ಅಂತೆಯೇ ಕಪಿರಾಜನ ಯಾನವು ೨೦೦೨ರಲ್ಲಿ ಅಳಿದು ೨೦೦೪ರಲ್ಲಿ ‘ಮಮ್ಮಿ’ಯ ಯಾನವಾದಾಗ, ಆ ಶವರಾಜನ ಭಂಡಾರದಲ್ಲಿ ಕಪಿಯ ಸ್ವರ್ಣಪ್ರತಿಮೆಯೊಂದನ್ನು ಇರಿಸಿದರು. ಮೂಲದೇವರು ಪರಿವಾರದೇವತೆಯಾಗಿ ಮೂಲೆಯಲ್ಲಿ ನಿಲ್ಲುವ ಪದ್ಧತಿಯು ನಮಗೆ ಹೊಸದೇನಲ್ಲ.

ಸ್ಪ್ಲಾಶ್ ಮೌಂಟನ್ನಿನ ಚರಿತ್ರೆಯು ಇವೆಲ್ಲಕ್ಕಿಂತ ಗಹನ. ೧೯೪೬ರ ‘ಸಾಂಗ್ ಆಫ್ ದಿ ಸೌತ್’ ಎಂಬ ಚಿತ್ರವು ತೋಟದ ಒಡೆಯರ ಕಾಲದ ಕರಿಯರ ಬಾಳನ್ನು ಸಿಹಿಯಾಗಿ ಬಣ್ಣಿಸಿ ಅವರಿಗೆ ಅಪಚಾರ ಮಾಡಿತೆಂಬ ಆಕ್ಷೇಪಕ್ಕೆ ಗುರಿಯಾದುದರಿಂದ, ಡಿಸ್ನಿ ಸಂಸ್ಥೆಯವರು ಅದನ್ನು ಅಮೆರಿಕದಲ್ಲಿ ಮನೆಯ ವಿಡಿಯೋ ರೂಪದಲ್ಲಿ ಎಂದೂ ಬಿಡುಗಡೆ ಮಾಡಲಿಲ್ಲ. ಆದರೆ ಅದೇ ಚಿತ್ರದ ಮೊಲ, ನರಿ, ಕರಡಿಗಳನ್ನು ೧೯೮೯ರಲ್ಲಿ ಯಾನವಾಗಿಸಿದರು. ಮೂಲಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಭಾಷ್ಯವನ್ನು ಮಾತ್ರ ಬೀದಿಯಲ್ಲಿ ಪಾರಾಯಣ ಮಾಡಿಸಿದ ಉದಾಹರಣೆಯು ಇದೊಂದೇ ಇರಬಹುದು. ಅದರ ಯಂತ್ರಪ್ರಾಣಿಗಳಲ್ಲಿ ಅನೇಕವು ೧೯೮೮ರಲ್ಲಿ ಮುಚ್ಚಿದ ‘ಅಮೆರಿಕ ಸಿಂಗ್ಸ್’ ಎಂಬ ಹಾಡಿನ ಪ್ರದರ್ಶನದಿಂದ ಬಂದವುಗಳಾದುದರಿಂದ ಪುನರ್ಜನ್ಮವಾದಕ್ಕೂ ಇಲ್ಲಿ ಪುಷ್ಟಿಯುಂಟು. ೨೦೨೩ರಲ್ಲಿ ಫ್ಲಾರಿಡದಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಅದು ಮುಚ್ಚಿದಾಗ, ಕಾಲುವೆಯ ನೀರನ್ನು ತೀರ್ಥದಂತೆ ಸೀಸೆಗಳಲ್ಲಿ ತುಂಬಿ ಮಾರಾಟಕ್ಕಿಟ್ಟವರೂ ಉಂಟು. ೨೦೨೪ರಲ್ಲಿ ಅಲ್ಲಿ, ೨೦೦೯ರ ಚಿತ್ರವೊಂದರ ಟಿಯಾನಾ ಎಂಬ ಕರಿಯ ರಾಜಕುಮಾರಿಯ ಯಾನವು ಆರಂಭವಾಯಿತು. ಮೊಲವು ಹೋಯಿತು, ನರಿಯು ಹೋಯಿತು, ಹಾಡು ಹೋಯಿತು. ಧುಮುಕುವ ಜಲಪಾತವು ಮಾತ್ರ ಅದೇ.

ಸಿದ್ಧಾಂತ

ಮೇಲೆ ಹೇಳಿದ ಲಕ್ಷ್ಯಗಳಿಂದ ನವೀಕರಣವು ಮೂರು ವಿಧವೆಂದು ತೀರ್ಮಾನಿಸತಕ್ಕದ್ದು: ದೋಷಪರಿಹಾರ, ಅಂಗಸಂಸ್ಕಾರ, ವ್ಯಾಪಾರ. ‘ಪೈರೇಟ್ಸ್’ ಎಂಬ ಕಡಲ್ಗಳ್ಳರ ಯಾನದಲ್ಲಿ ಹೆಂಗಸರನ್ನು ಹರಾಜು ಹಾಕುತ್ತಿದ್ದ ದೃಶ್ಯವನ್ನು ೨೦೧೮ರಲ್ಲಿ ತೆಗೆದು, ಹರಾಜಾಗುತ್ತಿದ್ದ ಕೆಂಗೂದಲಿನವಳನ್ನೇ ಕಡಲ್ಗಳ್ಳಿಯನ್ನಾಗಿ ಮಾಡಿದುದೂ, ಮೊಲದ ಸ್ಥಾನಕ್ಕೆ ಟಿಯಾನಾ ಬಂದುದೂ ದೋಷಪರಿಹಾರ. ಒಬ್ಬರ ನೋವಿನ ಮೇಲೆ ಮತ್ತೊಬ್ಬರ ಬಾಲ್ಯಸ್ಮೃತಿಯನ್ನು ಕಟ್ಟಬಾರದೆಂಬುದಕ್ಕೆ ಯಾವ ಶಾಸ್ತ್ರವೂ ವಿರೋಧವಾಗಿಲ್ಲ. ಸೀಸೆಯ ತೀರ್ಥವನ್ನು ಇಟ್ಟುಕೊಂಡವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ತುಕ್ಕು ಹಿಡಿದ ಶಾರ್ಕನ್ನು ಸರಿಪಡಿಸುವುದು ಅಂಗಸಂಸ್ಕಾರ, ಅದು ನಿತ್ಯಕರ್ಮ. ಹೊಸ ಚಿತ್ರವೊಂದು ತೆರೆಗೆ ಬಂದಿದೆಯೆಂಬ ಒಂದೇ ಕಾರಣಕ್ಕೆ ಚೆನ್ನಾಗಿ ಓಡುತ್ತಿದ್ದ ಹಳೆಯದರ ಮುಖಕ್ಕೆ ಹೊಸ ಬಣ್ಣ ಬಳಿಯುವುದು ವ್ಯಾಪಾರ. ಕ್ಯಾಲಿಫೋರ್ನಿಯದಲ್ಲಿ ೨೦೦೪ರಿಂದ ಲಿಫ್ಟಿನಲ್ಲಿ ಜನರನ್ನು ಎತ್ತಿ ಬೀಳಿಸುತ್ತಿದ್ದ ಭಯದ ಹೋಟೆಲು ೨೦೧೭ರಲ್ಲಿ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಎಂಬ ಚಿತ್ರದ ಕೋಟೆಯಾಯಿತು; ಎತ್ತುವುದೂ ಬೀಳಿಸುವುದೂ ನಿಲ್ಲಲಿಲ್ಲ, ಭಯಾನಕ ರಸವೊಂದು ಹೋಗಿ ಹಾಸ್ಯ ರಸವು ಬಂದಿತು.

ಆದಕಾರಣ ಉದ್ಯಾನಗಳ ಒಡೆಯರಲ್ಲಿ ಈ ಗ್ರಂಥದ ವಿಜ್ಞಾಪನೆ ಇಷ್ಟೆ: ಯಾವುದೇ ಯಾನವನ್ನು ಕೆಡವುವ ಮುನ್ನ, ಚಿತ್ರದಲ್ಲಿ ಇಲ್ಲದೆ ಯಾನದಲ್ಲಿ ಮಾತ್ರ ಇದ್ದುದು ಏನೆಂದು ಪಟ್ಟಿ ಮಾಡಿಕೊಳ್ಳತಕ್ಕದ್ದು. ಬಾಳೆಹಣ್ಣಿನ ಉಸಿರಿದ್ದರೆ ಅದನ್ನು ಉಳಿಸತಕ್ಕದ್ದು. ಹೆಸರು ಹಿಡಿದು ಕರೆಯುವ ದನಿಯಿದ್ದರೆ ಅದನ್ನು ಉಳಿಸತಕ್ಕದ್ದು. ಉಳಿದುದನ್ನು ಯಥೇಚ್ಛವಾಗಿ ಮಾರ್ಪಡಿಸಬಹುದು, ಏಕೆಂದರೆ ಚಿತ್ರವು ಹೇಗಿದ್ದರೂ ಡಬ್ಬಿಯಲ್ಲಿ ಭದ್ರವಾಗಿರುತ್ತದೆ, ಕೆಡವಿದ ಯಾನವನ್ನು ಇಡುವ ಡಬ್ಬಿಯಿಲ್ಲ. ಈ ಸೂತ್ರದ ಸತ್ಯತೆಯಲ್ಲಿ ಸಂಶಯವುಳ್ಳವರು ಅನಹೈಮಿಗೆ ಹೋಗಿ ಪರೀಕ್ಷಿಸಿಕೊಳ್ಳಬಹುದು. ಅಲ್ಲಿಯ ಕಪ್ಪೆರಾಯನ ನರಕವು ೧೯೮೩ರ ನವೀಕರಣವನ್ನೂ ದಾಟಿ ಇಂದಿಗೂ ತೆರೆದೇ ಇದೆ. ಪ್ರವೇಶಕ್ಕೆ ಪಾಪವೇನೂ ಬೇಕಿಲ್ಲ, ಟಿಕೆಟ್ಟಿದ್ದರೆ ಸಾಕು.